ಕಾರ್ಬ್ ಕಡಿಮೆ ಮಾಡುವ ಮುಂಚೆ: ಲಾಭ ಎಲ್ಲಿದೆ, ಅಪಾಯ ಯಾರಿಗಿದೆ

ಇಬ್ಬರು ಲೋ ಕಾರ್ಬ್ ಡಯಟ್, ಅಂದರೆ ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದ ಊಟ, ಶುರು ಮಾಡಿದರು ಎಂದುಕೊಳ್ಳಿ. ಒಬ್ಬರು ಸಕ್ಕರೆ ಪಾನೀಯ, ಬಿಸ್ಕತ್ತು, ಬಿಳಿ ಬ್ರೆಡ್ ಬಿಟ್ಟರು. ಅನ್ನವನ್ನು ಅರ್ಧಕ್ಕೆ ಇಳಿಸಿದರು. ಆ ಜಾಗಕ್ಕೆ ತರಕಾರಿ, ಕಾಳು, ಮೊಟ್ಟೆ, ಮೀನು, ಬಾದಾಮಿ ಬಂದವು. ಇನ್ನೊಬ್ಬರು ಧಾನ್ಯ, ಹಣ್ಣು, ಕಾಳು ಎಲ್ಲವನ್ನೂ ಬಿಟ್ಟು ಬೆಣ್ಣೆ, ಚೀಸ್, ಸಾಸೇಜ್, ಕೆಂಪು ಮಾಂಸದಲ್ಲೇ ಹೊಟ್ಟೆ ತುಂಬಿಸಿಕೊಂಡರು. ಯಾರಾದರೂ ಕೇಳಿದರೆ ಇಬ್ಬರೂ ಹೇಳುವ ಹೆಸರು ಒಂದೇ. ಆದರೆ ಆರು ತಿಂಗಳಾದ ಮೇಲೆ ಇಬ್ಬರ ರಕ್ತ ಪರೀಕ್ಷೆ ಒಂದೇ ಥರ ಬರಬೇಕು ಎಂದೇನಿಲ್ಲ.

ಈ ಡಯಟ್ ಬಗ್ಗೆ ನಡೆಯುವ ಜಗಳ ಮುಗಿಯದೇ ಇರುವುದಕ್ಕೆ ದೊಡ್ಡ ಕಾರಣ ಇದು. ಯಾವ ಕಾರ್ಬ್ ಬಿಟ್ಟಿರಿ, ಅದರ ಜಾಗಕ್ಕೆ ಏನು ತಂದಿರಿ, ನಿಮ್ಮ ಆರೋಗ್ಯ ಈಗ ಹೇಗಿದೆ, ಎಷ್ಟು ಕಾಲ ಮಾಡುತ್ತೀರಿ ಎಂಬುದು ಗೊತ್ತಾಗದೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಬರುವುದಿಲ್ಲ. ನನ್ನ ಪ್ರಕಾರ ಇದರಲ್ಲಿ ಎರಡನೆಯದು ಎಲ್ಲಕ್ಕಿಂತ ಮುಖ್ಯ. ಜನ ಎಲ್ಲಕ್ಕಿಂತ ಜಾಸ್ತಿ ಮರೆಯುವುದು ಮೂರನೆಯದನ್ನು. ಅದರಿಂದ ಆಸ್ಪತ್ರೆ ಸೇರುವ ಸಂದರ್ಭಗಳೂ ಇವೆ. ಹಾಗಾಗಿ ಆ ವಿಷಯಕ್ಕೆ ಬಂದಾಗ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕಡಿಮೆ ಎಂದರೆ ಎಷ್ಟು?

ಸಕ್ಕರೆ, ಪಿಷ್ಟ, ನಾರು ಈ ಮೂರೂ ಸೇರಿ ಕಾರ್ಬೋಹೈಡ್ರೇಟ್. ಅಕ್ಕಿ, ಗೋಧಿ, ಆಲೂಗಡ್ಡೆಯಲ್ಲಿ ಪಿಷ್ಟ ಜಾಸ್ತಿ. ಹಣ್ಣು, ಹಾಲಿನಲ್ಲಿ ಸಹಜವಾದ ಸಕ್ಕರೆ ಇರುತ್ತದೆ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ಸುಮಾರು 4 ಕ್ಯಾಲೊರಿ ಸಿಗುತ್ತದೆ. ಪ್ರೋಟೀನಿನಿಂದಲೂ ಅಷ್ಟೇ. ಕೊಬ್ಬಿನಿಂದ 9.

ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಅದರಲ್ಲಿ ಅರ್ಧವನ್ನು ಕಾರ್ಬ್‌ನಿಂದ ಪಡೆದರೆ 250 ಗ್ರಾಂ ತಿಂದ ಹಾಗಾಯಿತು. ದಿನಕ್ಕೆ 130 ಗ್ರಾಂಗಿಂತ ಕೆಳಗೆ ಇಳಿದರೆ ಸಂಶೋಧಕರು ಸಾಮಾನ್ಯವಾಗಿ ಅದನ್ನು ಲೋ ಕಾರ್ಬ್ ಎನ್ನುತ್ತಾರೆ. 20ರಿಂದ 50 ಗ್ರಾಂ ಒಳಗೆ ನಿಂತರೆ ಅದು ಕೀಟೋ. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಇರುತ್ತದೆ. ಮಧ್ಯಮ ಗಾತ್ರದ ಒಂದು ಸೇಬಿನಲ್ಲಿ 25 ಗ್ರಾಂ. ಅಂದರೆ ಕೀಟೋ ಮಾಡುವವರಿಗೆ ಒಂದು ಕಪ್ ಅನ್ನಕ್ಕೇ ಇಡೀ ದಿನದ ಲೆಕ್ಕ ಮುಗಿಯಿತು. 130 ಗ್ರಾಂ ಮಿತಿಯಲ್ಲಿ ಇರುವವರು ಅನ್ನವನ್ನೂ ತಿನ್ನಬಹುದು, ಹಣ್ಣನ್ನೂ ತಿನ್ನಬಹುದು. ಎರಡರ ನಡುವೆ ಇಷ್ಟು ಅಂತರ ಇದೆ. ಒಂದರ ಮೇಲೆ ನಡೆದ ಅಧ್ಯಯನವನ್ನು ಸುಮ್ನೆ ಇನ್ನೊಂದಕ್ಕೆ ಅಂಟಿಸಬಾರದು.

ಮೊದಲ ವಾರದ ತೂಕ ಎಲ್ಲಿಂದ ಇಳಿಯಿತು?

ನಾವು ತಿಂದ ಪಿಷ್ಟ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಜೀವಕೋಶಗಳು ಬೇಕಾದಷ್ಟನ್ನು ಬಳಸುತ್ತವೆ. ಉಳಿದಿದ್ದರಲ್ಲಿ ಸ್ವಲ್ಪ ಭಾಗ ಗ್ಲೈಕೋಜನ್ ರೂಪದಲ್ಲಿ ಶೇಖರವಾಗುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ ಆಸುಪಾಸು. ಗ್ಲೈಕೋಜನ್ ಅಡುಗೆಮನೆಯ ಡಬ್ಬದಲ್ಲಿರುವ ದಿನಸಿ ಇದ್ದ ಹಾಗೆ. ದೇಹದ ಕೊಬ್ಬು ಅಟ್ಟದ ಮೇಲಿನ ಮೂಟೆ. ಡಬ್ಬ ಖಾಲಿಯಾಗುತ್ತಾ ಬಂದಾಗ ಮೂಟೆಗೆ ಕೈ ಹಾಕುವುದು ಜಾಸ್ತಿಯಾಗುತ್ತದೆ.

ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಕಾರ್ಬ್ ನಿಲ್ಲಿಸಿದಾಗ ಗ್ಲೈಕೋಜನ್ ಕರಗುತ್ತದೆ, ನೀರೂ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಉಪ್ಪನ್ನು ಜಾಸ್ತಿ ಹೊರಹಾಕುತ್ತವೆ. ಅದರ ಹಿಂದೆ ಇನ್ನಷ್ಟು ನೀರು. ಮೊದಲ ವಾರ ತಕ್ಕಡಿ ಎರಡು ಕಿಲೋ ಕಡಿಮೆ ತೋರಿಸಿದರೆ ಅದರಲ್ಲಿ ದೊಡ್ಡ ಪಾಲು ನೀರೇ. ಒಂದು ದಿನ ಅನ್ನ ತಿಂದ ತಕ್ಷಣ ಒಂದು ಕಿಲೋ ವಾಪಸ್ ಬಂತು ಎಂದು ಕಂಗಾಲಾಗುವವರಿದ್ದಾರೆ. ಹೆದರುವ ಅಗತ್ಯ ಇಲ್ಲ. ಹೋದ ನೀರು ಮರಳಿದೆ, ಅಷ್ಟೇ.

ಉಪ್ಪು, ನೀರು ಹೀಗೆ ಬೇಗ ಹೋಗುವುದರಿಂದಲೇ ಮೊದಲ ದಿನಗಳಲ್ಲಿ ತಲೆನೋವು, ಸುಸ್ತು, ಸಿಡುಕು, ಕಾಲು ಸೆಳೆತ ಬರುತ್ತವೆ. ಕೀಟೋ ಫ್ಲೂ ಎಂದು ಕರೆಯುವುದು ಇದನ್ನೇ. ಬಹಳಷ್ಟು ಜನರಿಗೆ ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ.

ಕಾರ್ಬ್ ತುಂಬ ಕಡಿಮೆಯಾದಾಗ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ಎಂಬ ಇಂಧನ ತಯಾರಿಸುತ್ತದೆ. ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುವ ಅಂಗ. ಅದಕ್ಕೂ ಈ ಕೀಟೋನ್ ನಡೆಯುತ್ತದೆ. ದೀರ್ಘ ಉಪವಾಸದಲ್ಲಿ ಮೆದುಳಿನ ಅಗತ್ಯದ ಮೂರರಲ್ಲಿ ಎರಡು ಭಾಗದವರೆಗೂ ಕೀಟೋನ್ ಪೂರೈಸಬಲ್ಲದು. ಉಳಿದ ಗ್ಲೂಕೋಸನ್ನು ಯಕೃತ್ತು ಪ್ರೋಟೀನಿನಿಂದ ಮತ್ತು ಕೊಬ್ಬಿನ ಒಂದು ಭಾಗದಿಂದ ತಾನೇ ಮಾಡಿಕೊಳ್ಳುತ್ತದೆ. ಆದ್ದರಿಂದ ಕಾರ್ಬ್ ಬಿಟ್ಟರೆ ಮೆದುಳು ಕೆಲಸ ನಿಲ್ಲಿಸುತ್ತದೆ ಎಂಬ ಹೆದರಿಕೆಗೆ ಆಧಾರ ಇಲ್ಲ. ಹಾಗಂತ ಕೀಟೋನ್ ಬಂದ ಮಾತ್ರಕ್ಕೆ ಕೊಬ್ಬು ಕರಗಿ ಹೋಗುತ್ತದೆ ಎಂಬುದೂ ಸರಿಯಲ್ಲ. ತಿಂದ ಬೆಣ್ಣೆಯಿಂದಲೂ ಕೀಟೋನ್ ಆಗುತ್ತದೆ, ಅಲ್ವಾ?

ತೂಕದ ಲೆಕ್ಕ

ಕಾರ್ಬ್ ಕಡಿಮೆ ಮಾಡಿದರೆ ತೂಕ ಇಳಿಯುತ್ತದೆಯೇ? ಹೌದು, ಬಹಳ ಜನರಿಗೆ ಇಳಿಯುತ್ತದೆ. ಬೇರೆ ಡಯಟ್‌ಗಳಿಗಿಂತ ಜಾಸ್ತಿ ಇಳಿಯುತ್ತದೆಯೇ ಎಂದರೆ ಉತ್ತರ ಸ್ವಲ್ಪ ಬೇರೆ.

ಇಸ್ರೇಲಿನಲ್ಲಿ 322 ಜನರನ್ನು ಎರಡು ವರ್ಷ ಗಮನಿಸಿದ ಪ್ರಯೋಗವೊಂದರ ಫಲಿತಾಂಶ 2008ರಲ್ಲಿ ಬಂತು. ಕಡಿಮೆ ಕೊಬ್ಬಿನ ಡಯಟ್ ಮಾಡಿದವರು ಸರಾಸರಿ 2.9 ಕಿಲೋ ಇಳಿದಿದ್ದರು. ತರಕಾರಿ, ಮೀನು, ಆಲಿವ್ ಎಣ್ಣೆ, ಬೀಜಗಳಿಗೆ ಒತ್ತು ಕೊಡುವ ಮೆಡಿಟರೇನಿಯನ್ ಡಯಟ್‌ನ ಗುಂಪು 4.4, ಕಡಿಮೆ ಕಾರ್ಬ್ ಗುಂಪು 4.7 ಕಿಲೋ. ಅಲ್ಲಿ ಲೋ ಕಾರ್ಬ್ ಸ್ವಲ್ಪ ಮುಂದಿತ್ತು. ಆದರೆ 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗದಲ್ಲಿ ಆ ಅಂತರ ಉಳಿಯಲಿಲ್ಲ. ಕಡಿಮೆ ಕೊಬ್ಬಿನವರು 5.3 ಕಿಲೋ, ಕಡಿಮೆ ಕಾರ್ಬ್‌ನವರು 6 ಕಿಲೋ ಇಳಿದರು. ಸಂಖ್ಯಾಶಾಸ್ತ್ರದ ಪ್ರಕಾರ ಇದು ಲೆಕ್ಕಕ್ಕೆ ಬರುವ ಅಂತರವಲ್ಲ. ಎರಡೂ ಗುಂಪಿಗೆ ಹೇಳಿದ್ದ ಒಂದು ಮಾತು ಮುಖ್ಯ: ಸಕ್ಕರೆ, ಮೈದಾದಂಥ ಹಿಟ್ಟಿನ ಪದಾರ್ಥ ಕಡಿಮೆ ಮಾಡಿ, ತರಕಾರಿ ಚೆನ್ನಾಗಿ ತಿನ್ನಿ, ಮನೆಯಲ್ಲೇ ಅಡುಗೆ ಮಾಡಿಕೊಳ್ಳಿ.

ಆ ಪ್ರಯೋಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸರಾಸರಿ ಸಂಖ್ಯೆಗಿಂತ ಅದರ ಹಿಂದಿನ ಏರಿಳಿತ. ಎರಡೂ ಗುಂಪಿನಲ್ಲಿ ಇಪ್ಪತ್ತು ಕಿಲೋಗಿಂತ ಜಾಸ್ತಿ ಇಳಿದವರಿದ್ದರು. ಎರಡರಲ್ಲೂ ತೂಕ ಏರಿಸಿಕೊಂಡವರೂ ಇದ್ದರು. ಯಾರಿಗೆ ಯಾವ ಡಯಟ್ ಹೊಂದುತ್ತದೆ ಎಂದು ವಂಶವಾಹಿ ಅಥವಾ ಇನ್ಸುಲಿನ್ ಪರೀಕ್ಷೆ ಮಾಡಿ ಮೊದಲೇ ಹೇಳಬಹುದೇ ಎಂದೂ ಆ ತಂಡ ನೋಡಿತು. ಆಗಲಿಲ್ಲ. ಹಾಗಾಗಿ ನಿಮ್ಮ ಸ್ನೇಹಿತರಿಗೆ ಚೆನ್ನಾಗಿ ಕೆಲಸ ಮಾಡಿದ್ದು ನಿಮಗೆ ಮಾಡದಿದ್ದರೆ ನಿಮ್ಮಲ್ಲಿ ಛಲ ಇಲ್ಲ ಎಂದು ಅರ್ಥವಲ್ಲ.

ಲೋ ಕಾರ್ಬ್‌ನಲ್ಲಿ ಹಸಿವು ಕಡಿಮೆಯಾಗುತ್ತದೆ ಎಂದು ಹಲವರು ಹೇಳುತ್ತಾರೆ. ಅದು ಸುಳ್ಳಲ್ಲ. ಪ್ರೋಟೀನ್ ಹೊಟ್ಟೆ ತುಂಬಿದ ಭಾವನೆ ಕೊಡುತ್ತದೆ. ಕುರುಕಲು ತಿಂಡಿಗಳು ಪಟ್ಟಿಯಿಂದ ಹೊರಗೆ ಹೋದಾಗ ಅವುಗಳ ಜೊತೆ ಬರುತ್ತಿದ್ದ ಕ್ಯಾಲೊರಿಯೂ ಹೋಗುತ್ತದೆ. ಆದರೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ಮಾಡಿದ ಪ್ರಯೋಗವನ್ನೂ ಇದರ ಪಕ್ಕ ಇಟ್ಟು ನೋಡಬೇಕು. 20 ಜನ ನಾಲ್ಕು ವಾರ ಅಲ್ಲೇ ಉಳಿದರು. ಎರಡು ವಾರ ಕೀಟೋ ಊಟ, ಎರಡು ವಾರ ಕಡಿಮೆ ಕೊಬ್ಬಿನ ಸಸ್ಯಾಹಾರ. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಸಸ್ಯಾಹಾರದ ಎರಡು ವಾರಗಳಲ್ಲಿ ಅವರು ದಿನಕ್ಕೆ ಸರಾಸರಿ 689 ಕ್ಯಾಲೊರಿ ಕಡಿಮೆ ತಿಂದರು. ಕೀಟೋ ವಾರಗಳಲ್ಲಿ ರಕ್ತದ ಸಕ್ಕರೆ ಕೆಳಗೆ, ಏರಿಳಿತ ಇಲ್ಲದೆ ಇತ್ತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶ ಎರಡೂ ಕಡೆಯ ಅಭಿಮಾನಿಗಳಿಗೆ ಇರಿಸುಮುರಿಸು ತಂದಿತು. ಕಡಿಮೆ ಕ್ಯಾಲೊರಿ ತಿನ್ನುವುದಕ್ಕೆ ಒಂದು, ಸಕ್ಕರೆಗೆ ಇನ್ನೊಂದು ಒಳ್ಳೆಯದಾಗಿ ಕಂಡಿತು. ಎರಡೇ ವಾರದ್ದು, ಇಪ್ಪತ್ತೇ ಜನ ಎಂಬುದನ್ನೂ ಮರೆಯಬಾರದು.

ಡಯಾಬಿಟಿಸ್: ಲೋ ಕಾರ್ಬ್ ಗಟ್ಟಿಯಾಗಿ ನಿಲ್ಲುವ ಜಾಗ

ಟೈಪ್ 2 ಡಯಾಬಿಟಿಸ್ ಇರುವವರ ದೇಹಕ್ಕೆ ರಕ್ತದ ಗ್ಲೂಕೋಸನ್ನು ನಿಭಾಯಿಸುವುದು ಕಷ್ಟ. ಊಟದಿಂದ ಬರುವ ಗ್ಲೂಕೋಸ್ ಕಡಿಮೆಯಾದರೆ ರಕ್ತದಲ್ಲಿ ಏರುವುದೂ ಕಡಿಮೆ. ಇಷ್ಟು ನೇರವಾದ ಸಂಬಂಧ ಇರುವುದರಿಂದ ಇಲ್ಲಿ ಲಾಭ ಬೇಗ ಕಾಣಿಸುತ್ತದೆ. ಕೆಲವರಿಗೆ ಮೊದಲ ವಾರದಲ್ಲೇ ಗ್ಲೂಕೋಮೀಟರ್ ಅದನ್ನು ತೋರಿಸುತ್ತದೆ.

23 ಪ್ರಯೋಗಗಳನ್ನು, ಅವುಗಳಲ್ಲಿದ್ದ 1357 ಜನರನ್ನು ಒಟ್ಟಿಗೆ ಸೇರಿಸಿ ನೋಡಿದ ವಿಶ್ಲೇಷಣೆ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಮೂರು ತಿಂಗಳ ಸಕ್ಕರೆ ಮಟ್ಟ ಹೇಳುವ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಬಂದವರನ್ನು ಅದು ಎಣಿಸಿತು. ಆರು ತಿಂಗಳಲ್ಲಿ ಲೋ ಕಾರ್ಬ್ ಗುಂಪಿನ 57% ಜನ ಅಲ್ಲಿಗೆ ತಲುಪಿದ್ದರು. ಬೇರೆ ಡಯಟ್‌ಗಳಲ್ಲಿ ತಲುಪಿದ್ದು 31%. ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ಒಂದು ವರ್ಷ ಆಗುವ ಹೊತ್ತಿಗೆ ಈ ಅಂತರ ಬಹಳ ಕಡಿಮೆಯಾಯಿತು. ಜನ ನಿಧಾನಕ್ಕೆ ಹಳೆಯ ಊಟಕ್ಕೆ ಮರಳುವುದು ಇದಕ್ಕೆ ಒಂದು ಕಾರಣ ಇರಬಹುದು. ಆರು ತಿಂಗಳ ಸಂಖ್ಯೆಯನ್ನು ಮಾತ್ರ ಹೇಳಿ ಒಂದು ವರ್ಷದ್ದನ್ನು ಬಿಡುವ ಲೇಖನಗಳನ್ನು ಓದುವಾಗ ಇದು ನೆನಪಿರಲಿ.

ಇನ್ನೊಂದು ಸಂಗತಿ ಇದೆ. ಬ್ರಿಟನ್ನಿನಲ್ಲಿ ನಡೆದ ಡೈರೆಕ್ಟ್ ಎಂಬ ಪ್ರಯೋಗದಲ್ಲಿ ಡಯಾಬಿಟಿಸ್ ಇರುವವರಿಗೆ ಕೆಲವು ತಿಂಗಳು ಊಟದ ಬದಲು ದಿನಕ್ಕೆ 825ರಿಂದ 853 ಕ್ಯಾಲೊರಿಯ ಸೂಪು, ಶೇಕ್ ಕೊಟ್ಟರು. ಒಂದು ವರ್ಷದ ನಂತರ 46% ಜನ ಔಷಧಿ ಇಲ್ಲದೆ ಡಯಾಬಿಟಿಸ್ ಮಟ್ಟಕ್ಕಿಂತ ಕೆಳಗಿದ್ದರು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಈ ಸಂಖ್ಯೆ 4%. ಆ ಸೂಪು, ಶೇಕ್‌ಗಳ ಕ್ಯಾಲೊರಿಯಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು 59%, ಕಾರ್ಬ್‌ನಿಂದಲೇ ಬರುತ್ತಿತ್ತು! ಅವರಿಗೆ ನೆರವಾಗಿದ್ದು ತೂಕ ಇಳಿದದ್ದು. ಯಕೃತ್ತು ಮತ್ತು ಮೇದೋಜೀರಕದಲ್ಲಿ ತುಂಬಿದ್ದ ಕೊಬ್ಬು ಕರಗಿದಾಗ ಇನ್ಸುಲಿನ್ ಮತ್ತೆ ಸರಿಯಾಗಿ ಕೆಲಸ ಮಾಡತೊಡಗಿತು.

ಹಾಗಾದರೆ ಡಯಾಬಿಟಿಸ್ ಇರುವವರಿಗೆ ಕಾರ್ಬ್ ಕಡಿಮೆ ಮಾಡುವುದು ಬೇಡವೇ? ಹಾಗಲ್ಲ. ಅದು ಒಂದು ಒಳ್ಳೆಯ ದಾರಿ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರ ವರದಿಯಲ್ಲಿ ಇದನ್ನು ಒಪ್ಪಿಕೊಂಡಿದೆ. ಎಲ್ಲರಿಗೂ ಹೊಂದುವ ಒಂದೇ ಕಾರ್ಬ್ ಪ್ರಮಾಣ ಇಲ್ಲ ಎಂದೂ ಹೇಳಿದೆ. ತೂಕ ಇಳಿಸಬೇಕಾದವರಿಗೆ ಬೇರೆ ದಾರಿಗಳೂ ಇವೆ ಎಂಬುದು ಗೊತ್ತಿದ್ದರೆ, ಕೀಟೋ ಹಿಡಿಸದವರು ಎದೆಗುಂದಬೇಕಾಗಿಲ್ಲ.

ಮಾತ್ರೆ ತಗೊಳ್ಳುವವರು ದಯವಿಟ್ಟು ಇದನ್ನು ಓದಿ

ಲೋ ಕಾರ್ಬ್ ಬಗ್ಗೆ ಬರುವ ಉತ್ಸಾಹದ ಮಾತುಗಳಲ್ಲಿ ಈ ಭಾಗ ಸಾಮಾನ್ಯವಾಗಿ ಇರುವುದೇ ಇಲ್ಲ. ನನಗೆ ಅದು ದೊಡ್ಡ ತಪ್ಪು ಅನಿಸುತ್ತದೆ.

ಡಯಾಬಿಟಿಸ್‌ಗೆ ಇನ್ಸುಲಿನ್ ಚುಚ್ಚಿಕೊಳ್ಳುವವರ ಡೋಸ್ ಅನ್ನು ಅವರ ಹಳೆಯ ಊಟಕ್ಕೆ ಹೊಂದಿಸಿ ಬರೆದಿರುತ್ತಾರೆ. ಊಟದ ಕಾರ್ಬ್ ಅರ್ಧಕ್ಕಿಳಿದು ಡೋಸ್ ಮಾತ್ರ ಹಾಗೇ ಉಳಿದರೆ ಸಕ್ಕರೆ ತೀರಾ ಕೆಳಗೆ ಹೋಗುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಮಾತ್ರೆಗಳೂ ಹೀಗೆಯೇ. ಅವು ಮೇದೋಜೀರಕವನ್ನು ಒತ್ತಿ ಇನ್ಸುಲಿನ್ ಬಿಡಿಸುತ್ತವೆ, ನೀವು ತಿಂದರೂ ಸರಿ, ಬಿಟ್ಟರೂ ಸರಿ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ನಡುಕ, ಬೆವರು, ಎದೆಬಡಿತ, ಗೊಂದಲ ಬರುತ್ತದೆ. ಇನ್ನೂ ಇಳಿದರೆ ಪ್ರಜ್ಞೆ ತಪ್ಪುತ್ತದೆ. ಗಾಡಿ ಓಡಿಸುವಾಗ ಹೀಗಾದರೆ ಏನಾಗಬಹುದು ಎಂದು ಬೇರೆ ಹೇಳಬೇಕಾಗಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಿಗೆ ಈ ಅಪಾಯ ಬಹಳ ಕಡಿಮೆ.

ಇದಕ್ಕಿಂತ ಮೋಸದ ಅಪಾಯ ಇನ್ನೊಂದು ಗುಂಪಿನ ಮಾತ್ರೆಗಳಲ್ಲಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್. ಹೆಸರಿನ ಕೊನೆಗೆ ಗ್ಲಿಫ್ಲೋಜಿನ್ ಇದ್ದರೆ ಅದು ಇದೇ ಜಾತಿ. ಹೃದಯ, ಮೂತ್ರಪಿಂಡಕ್ಕೂ ಒಳ್ಳೆಯದು ಎಂದು ಈಗ ಬಹಳ ಜನರಿಗೆ ಬರೆಯುತ್ತಾರೆ. ಒಳ್ಳೆಯ ಔಷಧಿಗಳೇ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಅದರಿಂದ ದೇಹ ಕೀಟೋನ್ ಮಾಡುವ ಕಡೆಗೆ ಮೊದಲೇ ಸ್ವಲ್ಪ ವಾಲಿರುತ್ತದೆ. ಅದರ ಮೇಲೆ ಕೀಟೋ ಡಯಟ್ ಸೇರಿಸಿದರೆ ಕೀಟೋನ್ ಮಿತಿ ಮೀರಿ ಏರಿ ರಕ್ತ ಆಮ್ಲೀಯವಾಗಬಹುದು. ಕೀಟೋಆಸಿಡೋಸಿಸ್ ಎನ್ನುವ ಈ ಸ್ಥಿತಿ ಜೀವಕ್ಕೇ ಅಪಾಯ.

ಸಾಮಾನ್ಯವಾಗಿ ಕೀಟೋಆಸಿಡೋಸಿಸ್ ಆದಾಗ ಸಕ್ಕರೆ ತುಂಬ ಏರಿರುತ್ತದೆ, ಅದರಿಂದ ಗುರುತು ಸಿಗುತ್ತದೆ. ಈ ಮಾತ್ರೆ ತಗೊಳ್ಳುವವರಲ್ಲಿ ಸಕ್ಕರೆ ಹೆಚ್ಚು ಕಡಿಮೆ ಸರಿಯಾಗಿಯೇ ಇರಬಹುದು. ಗ್ಲೂಕೋಮೀಟರ್ ನೋಡಿ ಎಲ್ಲಾ ಚೆನ್ನಾಗಿದೆ ಎಂದುಕೊಳ್ಳುವಷ್ಟರಲ್ಲಿ ಒಳಗೆ ಪರಿಸ್ಥಿತಿ ಕೆಟ್ಟಿರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಈ ಮಾತ್ರೆಗಳ ಕೀಟೋಆಸಿಡೋಸಿಸ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ಸಕ್ಕರೆ ಸರಿಯಿದೆ ಎಂದು ಮನೆಯಲ್ಲಿ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ಯಾವ ಡಯಟ್ ಮಾಡುತ್ತಿದ್ದೀರಿ ಎರಡನ್ನೂ ಹೇಳಿ.

ಇಲ್ಲಿ ಒಂದು ಗೊಂದಲ ತಿಳಿಯಾಗಬೇಕು. ಆರೋಗ್ಯವಂತರು ಕೀಟೋ ಮಾಡಿದಾಗ ರಕ್ತದ ಕೀಟೋನ್ ಸಾಮಾನ್ಯವಾಗಿ 0.5ರಿಂದ 3 ಮಿಲಿಮೋಲ್ ಮಟ್ಟದಲ್ಲಿ ಇರುತ್ತದೆ. ಅವರಲ್ಲಿರುವ ಇನ್ಸುಲಿನ್ನೇ ಅದಕ್ಕೆ ಕಡಿವಾಣ ಹಾಕುತ್ತದೆ. ಇನ್ಸುಲಿನ್ ಇಲ್ಲದಿದ್ದಾಗ ಅಥವಾ ತೀರಾ ಕಡಿಮೆ ಇದ್ದಾಗ ಆ ಕಡಿವಾಣ ಇರುವುದಿಲ್ಲ. ಟೈಪ್ 1 ಡಯಾಬಿಟಿಸ್ ಇರುವವರು ತಾವಾಗಿಯೇ ಕೀಟೋ ಶುರು ಮಾಡಬಾರದು ಎನ್ನುವುದು ಇದೇ ಕಾರಣಕ್ಕೆ.

ಬಿಪಿ ಮಾತ್ರೆಯ ವಿಷಯವೂ ಇದೆ. ಉಪ್ಪು, ನೀರು ಹೊರಹೋಗಿ, ತೂಕವೂ ಇಳಿದಾಗ ಬಿಪಿ ತಾನಾಗಿ ಇಳಿಯುತ್ತದೆ. ಮಾತ್ರೆ ಅದೇ ಡೋಸ್‌ನಲ್ಲಿದ್ದರೆ ಎದ್ದು ನಿಂತಾಗ ತಲೆ ತಿರುಗಬಹುದು. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಹೀಗೇ. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು ಸೊಪ್ಪನ್ನು ಏಕಾಏಕಿ ಜಾಸ್ತಿ ಮಾಡಿದರೆ ವಿಟಮಿನ್ ಕೆ ಏರಿ ಮಾತ್ರೆಯ ಪರಿಣಾಮ ತಗ್ಗುತ್ತದೆ. ಈ ಯಾವುದಕ್ಕೂ ಡಯಟ್ ಬಿಡಬೇಕಾಗಿಲ್ಲ. ಶುರು ಮಾಡುವ ಮೊದಲು ಡಾಕ್ಟರ್ ಹತ್ತಿರ ಮಾತಾಡಿ, ಅವರು ಹೇಳಿದಂತೆ ಡೋಸ್ ಅಥವಾ ಮಾತ್ರೆ ಬದಲಿಸಿಕೊಂಡರೆ ಆಯಿತು. ಒಂದು ವಾರ ಮಾಡಿ ನೋಡಿ ಆಮೇಲೆ ಹೇಳೋಣ ಎಂದರೆ ಆಗುವುದಿಲ್ಲ. ಅಪಾಯ ಆ ಮೊದಲ ವಾರದಲ್ಲೇ ಶುರುವಾಗಬಹುದು.

ಹೃದಯಕ್ಕೆ ಹೇಗೆ?

ಕಾರ್ಬ್ ಕಡಿಮೆ ಮಾಡಿದಾಗ ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇಳಿಯುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಸ್ವಲ್ಪ ಏರುತ್ತದೆ. ಯಕೃತ್ತಿನ ಕೊಬ್ಬು ಕರಗುತ್ತದೆ. ಇವು ಪದೇ ಪದೇ ಕಂಡುಬಂದ ಫಲಿತಾಂಶಗಳು.

ತಕರಾರು ಇರುವುದು ಎಲ್‌ಡಿಎಲ್ ಬಗ್ಗೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳಲು ಕಾರಣವಾಗುವುದು ಈ ಎಲ್‌ಡಿಎಲ್. ಕೆಲವರಲ್ಲಿ ಅದು ಕದಲುವುದೇ ಇಲ್ಲ. ಕೆಲವರಲ್ಲಿ ಸ್ವಲ್ಪ ಏರುತ್ತದೆ. ಸಣ್ಣ ಗುಂಪೊಂದರಲ್ಲಿ, ಅದರಲ್ಲೂ ಮೊದಲೇ ತೆಳ್ಳಗಿದ್ದು ಕಟ್ಟುನಿಟ್ಟಾಗಿ ಕೀಟೋ ಮಾಡುವವರಲ್ಲಿ, 200 ದಾಟುವಷ್ಟು ಏರುತ್ತದೆ. ತೂಕ ಸರಿಯಿದೆ, ಸಕ್ಕರೆ ಸರಿಯಿದೆ, ಆದ್ದರಿಂದ ಈ ಎಲ್‌ಡಿಎಲ್ ಏನೂ ಮಾಡುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುವ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗುತ್ತದೆ. ಔಷಧಿಯಿಂದ ಅದನ್ನು ಇಳಿಸಿದರೆ ಹೃದಯಾಘಾತ ಕಡಿಮೆಯಾಗುತ್ತದೆ. ಇಷ್ಟು ಗಟ್ಟಿ ಆಧಾರ ಇರುವಾಗ ಡಯಟ್‌ನಿಂದ ಏರಿದ ಎಲ್‌ಡಿಎಲ್ ಮಾತ್ರ ಬೇರೆ ಎಂದು ನಂಬಿ ಹತ್ತು ವರ್ಷ ಕಾಯುವುದು ಸರಿಯಲ್ಲ.

ತಟ್ಟೆಗೆ ಏನು ಬಂತು ಎಂಬ ಪ್ರಶ್ನೆ ಇಲ್ಲಿ ಮತ್ತೆ ಏಳುತ್ತದೆ. ಬೆಣ್ಣೆ, ಚೀಸ್, ಕೊಬ್ಬಿನ ಮಾಂಸ, ತೆಂಗಿನ ಎಣ್ಣೆ ಜಾಸ್ತಿಯಾದರೆ ಸ್ಯಾಚುರೇಟೆಡ್ ಕೊಬ್ಬು ಏರುತ್ತದೆ, ಅದರ ಜೊತೆ ಎಲ್‌ಡಿಎಲ್ ಕೂಡ. ಬಾದಾಮಿ, ವಾಲ್‌ನಟ್, ಆಲಿವ್ ಅಥವಾ ಸಾಸಿವೆ ಎಣ್ಣೆ, ಮೀನು ಬಂದರೆ ಅಷ್ಟು ಏರುವುದಿಲ್ಲ. 82,802 ನರ್ಸ್‌ಗಳನ್ನು 20 ವರ್ಷ ಗಮನಿಸಿದ ಅಮೆರಿಕದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕಾರ್ಬ್ ಕಡಿಮೆ ತಿಂದವರಲ್ಲಿ ಹೃದಯರೋಗ ಒಟ್ಟಾರೆ ಜಾಸ್ತಿಯೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಆದರೆ ಕಾರ್ಬ್ ಜಾಗಕ್ಕೆ ಸಸ್ಯಮೂಲದ ಕೊಬ್ಬು, ಪ್ರೋಟೀನ್ ತಂದುಕೊಂಡವರಲ್ಲಿ ಹೃದಯರೋಗ ಸುಮಾರು 30% ಕಡಿಮೆ ಇತ್ತು.

ಆಯಸ್ಸಿನ ಪ್ರಶ್ನೆ

ಹತ್ತಿಪ್ಪತ್ತು ವರ್ಷ ಜನರಿಗೆ ಒಂದೇ ಡಯಟ್ ಮಾಡಿಸಿ ಪ್ರಯೋಗ ನಡೆಸಲು ಆಗುವುದಿಲ್ಲ. ಆದ್ದರಿಂದ ದೀರ್ಘಕಾಲದ ಉತ್ತರಕ್ಕೆ, ಜನ ತಾವಾಗಿ ಏನು ತಿನ್ನುತ್ತಾರೆ ಎಂದು ಕೇಳಿ ಬರೆದುಕೊಂಡ ಅಧ್ಯಯನಗಳನ್ನೇ ನೋಡಬೇಕು. ಅಂಥದ್ದೊಂದು 2018ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಅಮೆರಿಕದ 15,428 ಜನ, ಸುಮಾರು 25 ವರ್ಷ. ಕ್ಯಾಲೊರಿಯ 50ರಿಂದ 55% ಕಾರ್ಬ್‌ನಿಂದ ಪಡೆದವರಲ್ಲಿ ಸಾವು ಎಲ್ಲಕ್ಕಿಂತ ಕಡಿಮೆ ಇತ್ತು. ತೀರಾ ಕಡಿಮೆ ತಿಂದವರಲ್ಲೂ ಜಾಸ್ತಿ, ತೀರಾ ಜಾಸ್ತಿ ತಿಂದವರಲ್ಲೂ ಜಾಸ್ತಿ. ಅವರ ಅಂದಾಜಿನಂತೆ 50 ವರ್ಷದ ವ್ಯಕ್ತಿಗೆ ಮಧ್ಯಮ ಪ್ರಮಾಣದಲ್ಲಿ ಇನ್ನೂ 33.1 ವರ್ಷ ಆಯಸ್ಸು. 30%ಕ್ಕಿಂತ ಕಡಿಮೆ ಕಾರ್ಬ್ ತಿನ್ನುವವರಿಗೆ 29.1 ವರ್ಷ.

ಇದನ್ನು ನೋಡಿ ಲೋ ಕಾರ್ಬ್ ನಾಲ್ಕು ವರ್ಷ ಆಯಸ್ಸು ಕಡಿಮೆ ಮಾಡುತ್ತದೆ ಎಂದು ತಲೆಬರಹಗಳು ಬಂದವು. ಅಷ್ಟು ದೂರ ಹೋಗಲು ಆಗುವುದಿಲ್ಲ. ಕಾರ್ಬ್ ಕಡಿಮೆ ತಿನ್ನುತ್ತಿದ್ದವರಲ್ಲಿ ಸಿಗರೇಟು ಸೇದುವವರು, ವ್ಯಾಯಾಮ ಮಾಡದವರು, ಡಯಾಬಿಟಿಸ್ ಇದ್ದವರು ಜಾಸ್ತಿ ಇದ್ದರು. ಲೆಕ್ಕ ಹಾಕಿ ಇಂಥದ್ದನ್ನು ಸರಿದೂಗಿಸುತ್ತಾರೆ, ಪೂರ್ತಿ ಆಗುವುದಿಲ್ಲ. ಇದಕ್ಕೆ ಒಂದು ವರ್ಷ ಮೊದಲು 18 ದೇಶಗಳ 1,35,335 ಜನರ ಪ್ಯೂರ್ ಅಧ್ಯಯನ ಇನ್ನೊಂದು ತುದಿ ತೋರಿಸಿತ್ತು. ಅತಿ ಜಾಸ್ತಿ ಕಾರ್ಬ್ ತಿನ್ನುವ ಗುಂಪಿನಲ್ಲಿ, ಅತಿ ಕಡಿಮೆ ತಿನ್ನುವವರಿಗಿಂತ, ಸಾವು 28% ಜಾಸ್ತಿ ಇತ್ತು. ಆ ಕಡಿಮೆ ಗುಂಪಿನವರೂ ಸುಮಾರು 46% ಕ್ಯಾಲೊರಿಯನ್ನು ಕಾರ್ಬ್‌ನಿಂದ ಪಡೆಯುತ್ತಿದ್ದರು. ಕೀಟೋ ಮಾಡುವವರು ಅಲ್ಲಿ ಇರಲೇ ಇಲ್ಲ. ಲ್ಯಾನ್ಸೆಟ್ ಅಧ್ಯಯನದಲ್ಲಿ ನನಗೆ ನಂಬಿಕೆ ಹುಟ್ಟಿಸುವ ಭಾಗ ಬೇರೆಯದು. ಕಾರ್ಬ್ ಬದಲು ಪ್ರಾಣಿಮೂಲದ ಕೊಬ್ಬು, ಪ್ರೋಟೀನ್ ಬಂದಾಗ ಸಾವು ಜಾಸ್ತಿ, ಸಸ್ಯಮೂಲದ್ದು ಬಂದಾಗ ಕಡಿಮೆ. ನರ್ಸ್‌ಗಳ ಅಧ್ಯಯನ ತೋರಿಸಿದ ದಿಕ್ಕೂ ಇದೇ.

ಒಂದು ಕಾಯಿಲೆಗೆ ಇದೇ ಚಿಕಿತ್ಸೆ

ಕೀಟೋ ನಿನ್ನೆ ಮೊನ್ನೆಯ ಫ್ಯಾಷನ್ ಎಂದುಕೊಂಡವರಿಗೆ ಒಂದು ಮಾತು. ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರ್ ರಸೆಲ್ ವೈಲ್ಡರ್ ಇದನ್ನು 1921ರಲ್ಲಿ ಮೂರ್ಛೆರೋಗಕ್ಕೆ ಸೂಚಿಸಿದರು. ಉಪವಾಸ ಇದ್ದಾಗ ಮೂರ್ಛೆ ಕಡಿಮೆಯಾಗುತ್ತಿತ್ತು. ಉಪವಾಸ ಇಲ್ಲದೆ ಅದೇ ಪರಿಣಾಮ ತರುವುದು ಅವರ ಉದ್ದೇಶ. 1938ರಲ್ಲಿ ಫೆನಿಟಾಯಿನ್ ಮಾತ್ರೆ ಬಂದ ಮೇಲೆ ಡಯಟ್ ಹಿಂದೆ ಸರಿಯಿತು. 2008ರಲ್ಲಿ ಲಂಡನ್ನಿನ ವೈದ್ಯರು ಔಷಧಿಗೆ ಬಗ್ಗದ ಮೂರ್ಛೆ ಇದ್ದ 145 ಮಕ್ಕಳ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮೂರು ತಿಂಗಳಲ್ಲಿ ಡಯಟ್ ಮಾಡಿದ ಮಕ್ಕಳಲ್ಲಿ 38%ಗೆ ಮೂರ್ಛೆ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗಿತ್ತು. ಡಯಟ್ ಮಾಡದವರಲ್ಲಿ 6%ಗೆ ಮಾತ್ರ.

ಅಂಥ ಮಕ್ಕಳಿಗೆ ಪ್ರತಿ ಊಟವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ವಿಟಮಿನ್ ಕೊಡುತ್ತಾರೆ, ಬೆಳವಣಿಗೆ ಅಳೆಯುತ್ತಾರೆ. ಇಷ್ಟೆಲ್ಲ ಕಣ್ಣಿಟ್ಟು ನೋಡಿದರೂ ನೂರರಲ್ಲಿ ಸುಮಾರು ಆರು ಮಕ್ಕಳಿಗೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಕಾಯಿಲೆಯ ಕಷ್ಟದ ಮುಂದೆ ಆ ಅಪಾಯ ಒಪ್ಪಿಕೊಳ್ಳುವಂಥದ್ದು. ಬರೀ ಸ್ವಲ್ಪ ದಪ್ಪ ಇದೆ ಎಂದು ಬೆಳೆಯುವ ಮಗುವಿಗೆ ಮನೆಯಲ್ಲೇ ಕೀಟೋ ಮಾಡಿಸುವುದು ಬೇರೆ ವಿಷಯ. ಅದನ್ನು ಮಾಡಬೇಡಿ.

ಯಾರು ದೂರ ಇರಬೇಕು?

ಗರ್ಭಿಣಿಯರು, ಹಾಲುಣಿಸುವ ತಾಯಂದಿರು ತೀರಾ ಕಡಿಮೆ ಕಾರ್ಬ್‌ಗೆ ಇಳಿಯಬಾರದು. ಹಾಲುಣಿಸುವಾಗ ದೇಹ ದಿನವೂ ಹಾಲಿಗೆ ಗ್ಲೂಕೋಸ್ ಕೊಡುತ್ತಿರುತ್ತದೆ. ಆ ಸಮಯದಲ್ಲಿ ಕಟ್ಟುನಿಟ್ಟು ಕೀಟೋ ಮಾಡಿ ಕೀಟೋಆಸಿಡೋಸಿಸ್ ಆದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮೂತ್ರಪಿಂಡದ ಕಾಯಿಲೆ ಇರುವವರು ಪ್ರೋಟೀನ್ ಜಾಸ್ತಿ ಮಾಡುವ ಮೊದಲು ಕೇಳಲೇಬೇಕು. ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕದ ಉರಿಯೂತ ಆದವರು, ಕೊಬ್ಬನ್ನು ಬಳಸಲಾಗದ ಜನ್ಮಜಾತ ತೊಂದರೆ ಇರುವವರೂ ಹಾಗೆಯೇ.

ಊಟದ ಬಗ್ಗೆ ವಿಪರೀತ ಭಯ, ಅಪರಾಧಿ ಭಾವ ಇರುವವರು, ತಿಂದು ವಾಂತಿ ಮಾಡುವ ಅಥವಾ ತಿನ್ನುವುದನ್ನೇ ಬಿಡುವ ತೊಂದರೆ ಅನುಭವಿಸಿದವರು ಕೂಡ ಈ ಪಟ್ಟಿಗೆ ಸೇರುತ್ತಾರೆ. ತಿನ್ನಬಾರದ್ದರ ಪಟ್ಟಿ ಉದ್ದವಾದಷ್ಟೂ ಆ ಹಳೆಯ ಕಷ್ಟ ಮರಳಬಹುದು. ಕಿಲೋ ಇಳಿಯುವುದಕ್ಕಿಂತ ಅವರು ನೆಮ್ಮದಿಯಿಂದ ಊಟ ಮಾಡುವುದು ದೊಡ್ಡದು.

ಮಾಡುವುದೇ ಆದರೆ

ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಕೀಟೋ ಬೇಕಾಗಿಲ್ಲ. ಸಕ್ಕರೆ ಪಾನೀಯ, ಸಿಹಿತಿಂಡಿ, ಬಿಳಿ ಹಿಟ್ಟಿನ ಪದಾರ್ಥ ಮೊದಲು ಹೋಗಲಿ. ಅನ್ನ, ಬ್ರೆಡ್ ಪ್ರಮಾಣ ಇಳಿಯಲಿ. ತರಕಾರಿ ತಟ್ಟೆಯ ಅರ್ಧ ತುಂಬಲಿ. ಕಾಳು ಬಿಡಬೇಡಿ. ಕಾಳಿನಲ್ಲಿ ಕಾರ್ಬ್ ಇದೆ ನಿಜ, ಜೊತೆಗೆ ನಾರೂ ಪ್ರೋಟೀನೂ ಇದೆ, ಸಕ್ಕರೆ ನಿಧಾನವಾಗಿ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎನ್ನುತ್ತದೆ. ಧಾನ್ಯ, ಕಾಳು, ಹಣ್ಣು ಮೂರನ್ನೂ ಬಿಟ್ಟವರಿಗೆ ಅಷ್ಟು ನಾರು ಸಿಗುವುದು ಬಹಳ ಕಷ್ಟ. ಮಲಬದ್ಧತೆ ಶುರುವಾಗುವುದು ಅಲ್ಲಿಂದಲೇ. ಕೀಟೋ ಎಂದು ಬರೆದ ಬಾರ್, ಕುಕ್ಕಿ ನಂಬಿ ಕೂರಬೇಡಿ. ಅವುಗಳಲ್ಲಿರುವ ಮಾಲ್ಟಿಟಾಲ್‌ನಂಥ ಸಿಹಿ ಪದಾರ್ಥ ಹಲವರಿಗೆ ಹೊಟ್ಟೆ ಉಬ್ಬರ, ಭೇದಿ ತರುತ್ತದೆ.

ಜೋರಾಗಿ ಓಡುವವರು, ಸ್ಪರ್ಧೆಗೆ ತಯಾರಾಗುವವರು ಒಂದು ವಿಷಯ ತಿಳಿದಿರಲಿ. ಕೀಟೋದಲ್ಲಿ ದೇಹ ಕೊಬ್ಬನ್ನು ಚೆನ್ನಾಗಿ ಉರಿಸಲು ಕಲಿಯುತ್ತದೆ. ಆದರೆ ಅದೇ ವೇಗಕ್ಕೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಲೂಯಿಸ್ ಬರ್ಕ್ ತಂಡ ವೇಗದ ನಡಿಗೆಯ ಕ್ರೀಡಾಪಟುಗಳಲ್ಲಿ ಇದನ್ನೇ ಕಂಡಿತು.

ಶುರು ಮಾಡುವ ಮುಂಚೆ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ. ಮೂರು ತಿಂಗಳಾದ ಮೇಲೆ ಮತ್ತೆ ಮಾಡಿಸಿ. ಎಲ್‌ಡಿಎಲ್ ಏರಿದ್ದರೆ ಮೊದಲು ಬೆಣ್ಣೆ, ಚೀಸ್ ಕಡಿಮೆ ಮಾಡಿ ಬೀಜಗಳು, ಎಣ್ಣೆ, ಮೀನಿನ ಕಡೆ ತಿರುಗಿ. ಆಮೇಲೂ ಇಳಿಯದಿದ್ದರೆ ಸ್ವಲ್ಪ ಹಣ್ಣು, ಕಾಳು, ಧಾನ್ಯ ವಾಪಸ್ ತನ್ನಿ. ತೆಳ್ಳಗಿದ್ದು ಎಲ್‌ಡಿಎಲ್ ಏರಿಸಿಕೊಂಡ ಕೆಲವರಲ್ಲಿ ಇಷ್ಟರಿಂದಲೇ ಅದು ಇಳಿದಿದೆ. ಆಗಲೂ ಇಳಿಯದಿದ್ದರೆ ಡಾಕ್ಟರನ್ನು ನೋಡಿ.

ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ ಬರೆದುಕೊಟ್ಟಿದ್ದರೆ ನಿಮ್ಮ ಡಯಟ್ ವಿಷಯ ಮೊದಲೇ ಹೇಳಿ. ಕೀಟೋದಲ್ಲಿ ಇರುವ ದೇಹಕ್ಕೆ ಒಮ್ಮೆಲೇ 75 ಗ್ರಾಂ ಗ್ಲೂಕೋಸ್ ಬಂದರೆ ಅದನ್ನು ನಿಭಾಯಿಸಲು ತಕ್ಷಣಕ್ಕೆ ಆಗುವುದಿಲ್ಲ. ಡಯಾಬಿಟಿಸ್ ಇಲ್ಲದಿದ್ದರೂ ಇದೆ ಎಂದು ವರದಿ ಬರಬಹುದು. ಪರೀಕ್ಷೆಗೆ ಮುಂಚೆ ಮೂರು ದಿನ, ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬ್ ತಿಂದಿದ್ದರೆ ಆ ವರದಿಯನ್ನು ನಂಬಬಹುದು.